ಒಡಪಿನಲ್ಲಿ ಹೇಳದ ಹೆಸರು

ಸಿಂದಗಿಯಿಂದ ಇಂಡಿಗೆ ಹೊರಟ ಬಸ್ಸಿನಲ್ಲಿ ಅನಂತರಾಯ ತನ್ನ ಹೆಂಡತಿ ವಸುಧಾ ಬರೆದ ಹೊಸ ಕಾದಂಬರಿಯ ಪ್ರತಿಗಳ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಅದನ್ನು ಅವನು ಓದಿರಲಿಲ್ಲ, ಹಂಚುವುದಷ್ಟೇ ಅವನ ಕೆಲಸ. ಮುಂದಿನ ಸೀಟಿನ ಇಬ್ಬರು ಹೆಂಗಸರ ಕೈಯಲ್ಲಿ ಅದೇ ಪುಸ್ತಕ ಕಂಡದ್ದೇ ಹಿಗ್ಗಿ ಕಿವಿಗೊಟ್ಟ.

“ಆದಿಲಶಾಹಿ ಕಾಲದ್ದೊಂದು ಪ್ರೀತಿ, ಈಗಿನದೊಂದು ಪ್ರೀತಿ. ಎರಡರಾಗೂ ಹುಡುಗ ಶ್ರೀವಲ್ಲಭನಽ ಅಲ್ಲೇನ್ರಿ ವೈನಿ?”

“ಹೂಂ. ಹಳೇ ಕಥಿಯಾಗ ಲಗ್ನಾದ ಹುಡುಗಿಗೆ ಹೊಸ್ತಿಲದಾಗ ಅಡ್ಡ ನಿಂತು, ಗಂಡನ ಹೆಸರು ಹಾಕಿ ಒಡಪು ಹೇಳು ಅಂದ್ರ, ಆಕಿ ಬೆಲ್ಲಾ ಬಾಯಾಗ ಇಟಗೊಂಡಂಗ ಅವನ ಹೆಸರು ಹೇಳ್ತಾಳ.”

“ಚಂದ ಬರದಾಳ.”

“ಬರದಾಕಿ ತನ್ನ ಲಗ್ನದಾಗ ಬಾಯಿನಽ ಬಿಡಲಿಲ್ಲ. ಬಾಗಲಾ ಹಿಡದು ನಿಂತಾಕಿ ಆಕಿ ಗೆಳತಿ ನಾನಽ. ಕಡೀಕ ಅವರತ್ತಿ, ನಾಚತಾಳ ಬಿಡ್ರಿ ಅಂತ ಒಳಗ ಕರಕೊಂಡ್ರು.”

ಆ ನಾಚಿಕೆಯ ಕಥೆಯನ್ನು ಅನಂತರಾಯ ಇವತ್ತಿಗೂ ಮಂದಿಗೆಲ್ಲ ಹೇಳಿ ನಗುತ್ತಿದ್ದ.

“ನಾಚಿಕಿ ಎಲ್ಲೀದು,” ಅಂದಳು ಆ ವೈನಿ. “ ನಮ್ಮ ಕಾಲೇಜಿನಾಗ ಶ್ರೀವಲ್ಲಭ ಅಂತ ಒಬ್ಬಾಂವ ಇದ್ದ.”

“ಮತ್ತ ಖರೇ ಗಂಡ?”

“ಅವನ ಮುಖಾ ನೆನಪಿಲ್ಲ ನನಗ. ಪುಸ್ತಕದಾಗ ಈಗಿನ ಕಥಿಯೊಳಗ ಗಂಡ ಒಬ್ಬಾಂವ ಇದ್ದಾನ, ಚೀಲಾ ಹೊತಗೊಂಡು ಆಕಿ ಹಿಂದ ತಿರಗತಾನ. ನಡುವಽ ಸಾಯ್ತಾನ. ಯಾರೂ ಅಳೂದಿಲ್ಲ.”

“ಹೆಸರೇನು ಅವಂದು?”

ಬಸ್ಸು ನಿಂತಿತು. ಇಬ್ಬರೂ ಎದ್ದರು.

“ಪೂರಾ ಓದೇನಿ. ಹೆಸರಽ ಇಟ್ಟಿಲ್ಲ ಆಕಿ.”

ಆಮೇಲೆ ಅನಂತರಾಯನ ಕಡೆ ತಿರುಗಿ, “ಚೀಲಾ ಒಂಚೂರು ಸರಸ್ರಿ, ನಾವು ಇಳೀಬೇಕು” ಅಂದಳು.

ಅವನು ಸರಿಸಿದ.