ಕೋಟಿನ ಬಟನ್

ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಸರದಿ ಕಾಯುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಫೋಟೋ ಸ್ಟುಡಿಯೋ ನಡೆಸುವ ಗಂಡ ಹೆಂಡತಿ. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದು ಹೆಂಡತಿಯ ಕೆಲಸ. ಮೌಸ್ ಹಿಡಿದು ಹಿಡಿದು ಅವಳ ಮಣಿಕಟ್ಟು ಸೋತಿತ್ತಂತೆ.

"ಮೌಸ್ ಬಿಡಿ, ಇಲ್ಲಾಂದ್ರೆ ಕೆಲಸಾನೇ ಬಿಡಿ ಅಂದಿದ್ರು ಡಾಕ್ಟ್ರು ಹೋದ ಸಲ. ಇವತ್ತು ಏನಂತಾರೋ," ಎಂದಳು.

"ಮೌಸ್ ಬಿಟ್ಟಾಯ್ತಲ್ಲ. ಅದರ ಬದಲು ಫೋಟೋ ತಿದ್ದೋಕೆ ಆ ಗುಂಡಿ ಪೆಟ್ಟಿಗೆ ತಂದ ದಿನ ನನಗೆ ಎಷ್ಟು ಬೈದೆ, ನೆನಪಿದೆಯಾ?"

"ಬೈದೇ ಇರ್ತಾರಾ? ಹಳೇ ರೇಡಿಯೋ ತರ ತಿರುಗಿಸೋ ಗುಂಡಿ ರಾಶಿ. ಬೆಳಕು ಯಾವುದು, ಬಣ್ಣ ಯಾವುದು, ಹೇಗೆ ಗೊತ್ತಾಗಬೇಕು?"

"ಗೊತ್ತಾಗದೆ ಮದುಮಗಳನ್ನ ಹಸಿರು ಮಾಡಿಬಿಟ್ಟೆ."

"ನೀವು ನಗ್ತಾ ನಿಂತಿದ್ರಿ. ಅದಕ್ಕೇ ಬೆಳಕಿನ ಗುಂಡಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ಬಣ್ಣದ್ದಕ್ಕೆ ನಿಮ್ಮ ಹಳೇ ಕೋಟಿನ ಬಟನ್ ಅಂಟಿಸಿದೆ. ಈಗ ಎಲ್ಲಾ ಬೆರಳಿಗೇ ಗೊತ್ತು, ಕಣ್ಣು ಫೋಟೋ ಬಿಟ್ಟು ಅಲ್ಲಾಡಲ್ಲ."

"ಹಳೇದಾ? ಇರೋದೇ ಅದೊಂದು ಕೋಟು ಕಣೇ. ಬಟನ್ ಬಿದ್ದುಹೋಯ್ತು ಅಂತ ಮನೆಯೆಲ್ಲ ಹುಡುಕಿದೀನಿ."

"ಮನೆಯಲ್ಲೇ ಇದೆಯಲ್ಲ. ನಿನ್ನೆ ಒಂದಿಡೀ ಮದುವೆ ಮುಗಿಸ್ದೆ, ಕೈ ನೋವೇ ಬರಲಿಲ್ಲ."

"ಊಟಕ್ಕೆ ಕರೆದರೂ ಬರಲಿಲ್ಲ."

ಅಷ್ಟರಲ್ಲಿ ನರ್ಸ್ ಕರೆದಳು, ಇಬ್ಬರೂ ಒಳಗೆ ಹೋದರು. ಹೊರಬಂದಾಗ ನನಗೇ ತಡೆಯಲಾಗಲಿಲ್ಲ.

"ಏನಂದ್ರಮ್ಮ?"

"ಕೆಲಸ ಬಿಡೋದು ಬೇಡವಂತೆ ತಾತ."

"ಹಾಗಾದ್ರೆ ನನ್ನ ಬಟನ್?" ಎಂದ ಗಂಡ.

"ಅದಕ್ಕೀಗ ಕೆಲಸ ಸಿಕ್ಕಿದೆ. ಕೋಟಿಗೆ ಬೇರೆ ಹಾಕಿಸ್ಕೊಳ್ಳಿ."

ಸೋತಿದ್ದ ಆ ಬಲಗೈಯಿಂದಲೇ ಬಾಗಿಲು ತಳ್ಳಿಕೊಂಡು ಅವಳು ಮುಂದೆ ನಡೆದಳು. ಗಂಡ ನಗುತ್ತ ಹಿಂದೆ ಹೋದ.