ಗಾಡಿಯ ಸದ್ದು ಕೇಳುತ್ತಿದ್ದ ಶ್ರೀಮಂತ

ಇವತ್ತಿನ ಪ್ರವಚನದಲ್ಲಿ ಭಯದ ವಿಚಾರ ಮಾತಾಡುತ್ತಿದ್ದೆವು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಎಂದು. ಆ ಕಂಬಕ್ಕೆ ಒರಗಿದ ಯಜಮಾನರು ಆಗಲೇ ಕಣ್ಣು ಮುಚ್ಚಿದ್ದಾರೆ. ಧ್ಯಾನವೋ ನಿದ್ದೆಯೋ ಅವರಿಗೇ ಗೊತ್ತು. ಇರಲಿ, ಅವರಿಗೋಸ್ಕರವೇ ಒಂದು ಕಥೆ ಹೇಳುತ್ತೇನೆ. ನೋಡಿ, ಕಥೆ ಎಂದ ಕೂಡಲೇ ಕಣ್ಣು ಬಿಟ್ಟರು!

ಯಾವುದೋ ಒಂದು ಊರು ಎಂದುಕೊಳ್ಳಿ. ಅಲ್ಲಿನ ಪೇಟೆ ಬೀದಿಯಲ್ಲಿ ದೊಡ್ಡದೊಂದು ಜವಳಿ ಅಂಗಡಿ, ಆ ಅಂಗಡಿಗೆ ಮಾಲೀಕನಾದ ಒಬ್ಬ ಶ್ರೀಮಂತ. ಹೆಸರು ಬೇಡ. ಹೆಸರಿಟ್ಟರೆ ನೀವು ಕಥೆ ಬಿಟ್ಟು ಆ ಹೆಸರಿನವರ ಮನೆ ಹುಡುಕಿಕೊಂಡು ಹೋಗುತ್ತೀರಿ.

ಈ ಶ್ರೀಮಂತನಿಗೆ ಚಿಕ್ಕ ವಯಸ್ಸಿನಿಂದ ಒಂದೇ ಒಂದು ಆಸೆ. ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬೇಕು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಗುಲುವಷ್ಟು ತಗ್ಗು, ಕೆಂಪು ಬಣ್ಣ. ಬೀದಿಯಲ್ಲಿ ಹೋದರೆ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಬೇಕು. ಹೊಸದನ್ನು ಕೊಳ್ಳುವುದು ಅವನಂಥ ಶ್ರೀಮಂತನಿಗೂ ಕೈಗೆಟುಕದ ಮಾತಾಗಿತ್ತು. ಕೊನೆಗೆ ತಲೆ ನರೆತ ಮೇಲೆ ಬೇರೆ ಊರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಂದ. ಅಂಥ ಗಾಡಿಗಳನ್ನು ಜನ ಭಾನುವಾರ ಒಂದು ಸುತ್ತು ಹೊಡೆಸಿ ಮುಸುಕು ಹಾಕಿ ಇಡುತ್ತಾರಂತೆ. ಇದರ ಹಿಂದಿನ ಮಾಲೀಕ ಹಾಗಲ್ಲ, ದಿನಾ ಓಡಿಸಿದ್ದ. ಮೀಟರ್ ಎರಡು ಲಕ್ಷ ಕಿಲೋಮೀಟರ್ ದಾಟಿತ್ತು.

ಗಾಡಿ ಮನೆ ಮುಂದೆ ನಿಂತಾಗ ಹೆಂಡತಿ ಆರತಿ ಎತ್ತಿದಳು. ಆಮೇಲೆ ಸೀರೆ ನೆರಿಗೆ ಹಿಡಿದುಕೊಂಡು, ಬಾಗಿ, ಮಡಿಸಿಕೊಂಡು, ಹೇಗೋ ಒಳಗೆ ಇಳಿದಳು.

"ಅಯ್ಯೋ, ಇದೇನ್ರೀ ಇದು? ಚಾಪೆ ಮೇಲೆ ಕೂತಂಗಿದೆ. ಏಳೋಕೆ ನೀವೇ ಕೈ ಕೊಡ್ಬೇಕು."

ಅವನು ನಗುತ್ತಾ ಕೈ ನೀಡಿದ. ಅವತ್ತು ಇಬ್ಬರೂ ಊರೆಲ್ಲ ಸುತ್ತಿದರು. ದಾರಿಯುದ್ದಕ್ಕೂ ಅವಳು ಮಾತಾಡಿದಳು, ಅವನು ನಕ್ಕ. ಆ ಗಾಡಿಯಲ್ಲಿ ಅವರು ಹಾಗೆ ಮಾತಾಡಿಕೊಂಡು ಹೋದದ್ದು ಅದೊಂದೇ ದಿನ.

ಯಾಕೆ? ಮಾರನೆಯ ದಿನ ಹೆಂಡತಿಯ ತಮ್ಮ ಬಂದ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದ: "ಭಾವ, ಗಾಡಿ ಚೆನ್ನಾಗಿದೆ. ಆದ್ರೆ ಓಡಿ ಓಡಿ ಸವೆದಿರೋ ಇಂಜಿನ್ನು. ಯಾವಾಗ ಕೈಕೊಡುತ್ತೋ ಹೇಳಕ್ಕಾಗಲ್ಲ."

ಅಷ್ಟೇ ಸಾಕಾಯಿತು. ಎಲ್ಲ ಮನೆಯಲ್ಲೂ ಇಂಥವನೊಬ್ಬ ಇರುತ್ತಾನೆ, ಕಾಫಿ ಕುಡಿದು ಭಯ ಇಟ್ಟು ಹೋಗುತ್ತಾನೆ. ಶ್ರೀಮಂತ ಓಡಿದ ಗ್ಯಾರೇಜಿಗೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ, ತಟ್ಟಿದ, ಸ್ಟಾರ್ಟ್ ಮಾಡಿಸಿದ. "ಇವಾಗೇನೂ ತೊಂದ್ರೆ ಇಲ್ಲ ಸಾರ್. ಇಷ್ಟು ಓಡಿರೋ ಗಾಡಿ ಒಂದಲ್ಲ ಒಂದು ಸದ್ದು ಮಾಡ್ತಾನೇ ಇರುತ್ತೆ. ಹೊಸ ಸದ್ದು ಬಂತು ಅಂದ್ರೆ ಮಾತ್ರ ಗಾಡಿ ನಿಲ್ಲಿಸ್ಬಿಡಿ. ಒಂಚೂರೂ ಮುಂದಕ್ಕೆ ಓಡಿಸ್ಬೇಡಿ" ಎಂದ. ಒಳ್ಳೆಯ ಮಾತೇ. ಆದರೆ ಹೊಸ ಸದ್ದು ಯಾವುದು ಎಂದು ಗೊತ್ತಾಗಬೇಕಾದರೆ ಹಳೆಯ ಸದ್ದೆಲ್ಲ ಗೊತ್ತಿರಬೇಕಲ್ಲ? ಅಂದಿನಿಂದ ಅವನು ಕೇಳಿಸಿಕೊಳ್ಳಲು ಶುರುಮಾಡಿದ.

ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಗಾಡಿ ಸ್ಟಾರ್ಟ್ ಮಾಡಿ, ಬಾನೆಟ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ನೀವು ದೇವರ ಮುಂದೆ ಅಷ್ಟು ಹೊತ್ತು ಹಾಗೆ ನಿಂತಿದ್ದೀರಾ? ತಣ್ಣಗಿದ್ದಾಗ ಬರುವ ಟಿಕ್ ಟಿಕ್ ಯಾವುದು, ತಿರುವಿನಲ್ಲಿ ಬರುವ ಗೊರ್ ಯಾವುದು, ಬ್ರೇಕ್ ಬಿಟ್ಟ ಮೇಲೆ ಹಿಂದಿನಿಂದ ನಿಟ್ಟುಸಿರಿನಂತೆ ಬರುವುದು ಯಾವುದು, ಎಲ್ಲ ಬಾಯಿಪಾಠ. ಗಾಡಿಯಲ್ಲಿ ಹಾಡು ಹಾಕುವಂತಿರಲಿಲ್ಲ. ಕಿಟಕಿ ಇಳಿಸುವಂತಿರಲಿಲ್ಲ, ಗಾಳಿಯ ಸದ್ದು ಬರುತ್ತದೆ. ಮಾತಂತೂ ಆಡುವಂತೆಯೇ ಇರಲಿಲ್ಲ.

ಯಾರಾದರೂ ಮಾರುತ್ತೀರಾ ಎಂದು ಕೇಳಿದರೆ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಇಷ್ಟು ದೂರ ಓಡ್ಬಂದು ಇನ್ನೂ ಓಡ್ತಿದೆಯಲ್ಲ, ಇದಕ್ಕೆ ಬೆಲೆ ಕಟ್ಟೋಕಾಗುತ್ತೇನ್ರೀ?" ಎನ್ನುತ್ತಿದ್ದ. ಆ ಮಾತು ಸುಳ್ಳಲ್ಲ. ಅಷ್ಟು ದೂರ ಓಡಿ ಬಂದದ್ದನ್ನು ಕಂಡರೆ ಗೌರವ ಹುಟ್ಟಬೇಕು, ಹುಟ್ಟಿತ್ತು. ಆದರೆ ಅವನ ಮನೆಯಲ್ಲಿ ಅಷ್ಟು ದೂರ ಬಂದದ್ದು ಗಾಡಿ ಒಂದೇ ಆಗಿತ್ತೇ? ತಾಯಂದಿರೇ, ಕೋಪ ಮಾಡಿಕೊಳ್ಳಬೇಡಿ. ನಾನು ಹೆಂಗಸರನ್ನು ಗಾಡಿಗೆ ಹೋಲಿಸುತ್ತಿಲ್ಲ. ಗಾಡಿಗೆ ಸಿಕ್ಕಿದ್ದರಲ್ಲಿ ಅರ್ಧವಾದರೂ ನಿಮಗೆ ಸಿಕ್ಕಿದೆಯೇ ಎಂದು ಕೇಳುತ್ತಿದ್ದೇನೆ.

ಹೆಂಡತಿ ಕೆಲವು ಸಲ ಬಾಯಿ ತೆರೆದಳು. ಸಂಡಿಗೆ ಒಣಹಾಕಲು ಮಹಡಿ ಹತ್ತುವಾಗ ನಡುವೆಯೇ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಮಲಗುವಾಗ ತಲೆಯ ಕೆಳಗೆ ಒಂದು ದಿಂಬು ಹೋಗಿ ಎರಡಾಯಿತು, ಆಮೇಲೆ ಗೋಡೆಗೆ ಒರಗಿ ಕೂತೇ ತೂಕಡಿಸತೊಡಗಿದಳು. ಪಕ್ಕದಲ್ಲೇ ಅವನು ಮಲಗಿರುತ್ತಿದ್ದ. ಮರುದಿನ ಗಾಡಿಯಲ್ಲಿ ಹೋಗುವಾಗ, "ರೀ, ನಿಮ್ಗೊಂದು ಮಾತು ಹೇಳ್ಬೇಕಿತ್ತು. ಇತ್ತೀಚೆಗೆ ನಂಗೆ..." ಎಂದು ಶುರುಮಾಡುವಳು.

"ಶ್! ಸುಮ್ನಿರೇ ಸ್ವಲ್ಪ. ಇಂಜಿನ್ ಕೇಳಿಸ್ಕೋತಾ ಇದೀನಿ."

ಕೆಟ್ಟವನಲ್ಲ ಅವನು. ಬೈಯುವವನಲ್ಲ, ಹೊಡೆಯುವವನಲ್ಲ, ಕುಡಿಯುವವನಲ್ಲ. ಹೆದರಿದವನು, ಅಷ್ಟೇ. ಹೆದರಿದವನಿಗೆ ತಾನು ಹೆದರಿದ ವಸ್ತು ಬಿಟ್ಟು ಬೇರೇನೂ ಕಾಣುವುದಿಲ್ಲ.

ಹೀಗಿರುವಾಗ ಪಕ್ಕದ ಊರಿನಲ್ಲಿ ಹೆಂಡತಿಯ ಅಕ್ಕನ ಮೊಮ್ಮಗುವಿಗೆ ನಾಮಕರಣ. ಬಸ್ಸಿಗೆ ಹೋಗೋಣ ಎಂದಳು ಹೆಂಡತಿ. ಇವನು ಒಪ್ಪಲಿಲ್ಲ, ನೆಂಟರೆಲ್ಲ ಗಾಡಿ ನೋಡಬೇಕಲ್ಲ. ಊರು ಬಿಟ್ಟು ಹೆದ್ದಾರಿಗೆ ಬಂದರು. ಸುಡುಬಿಸಿಲು. ಎರಡೂ ಕಡೆ ಬಟ್ಟಬಯಲು, ಹತ್ತಿರದಲ್ಲೆಲ್ಲೂ ಮನೆಯಿಲ್ಲ, ಮಠವಿಲ್ಲ. ಹಿಂದಿನಿಂದ ಬಂದ ಲಾರಿಗಳೂ ಹಾರ್ನ್ ಹೊಡೆದು ಇವರನ್ನು ದಾಟಿಕೊಂಡು ಹೋಗುತ್ತಿದ್ದವು. ಸ್ಪೋರ್ಟ್ಸ್ ಕಾರು ನೋಡಿ! ಎತ್ತಿನಗಾಡಿಗಿಂತ ಸ್ವಲ್ಪ ಜೋರು, ಅಷ್ಟೇ.

ಆಗ ಆ ಸದ್ದು ಬಂತು.

ಸಣ್ಣ ಸದ್ದು. ಎಲ್ಲೋ ಗಾಳಿ ಸೋರಿದಂತೆ ಸೊಂಯ್ ಎಂದು ಎಳೆಯುವುದು, ಒಂದು ಗಳಿಗೆ ನಿಲ್ಲುವುದು, ಮತ್ತೆ ಎಳೆಯುವುದು. ಶ್ರೀಮಂತ ಕಿವಿ ನಿಮಿರಿಸಿದ. ಇದು ಟಿಕ್ ಟಿಕ್ ಅಲ್ಲ, ಗೊರ್ ಅಲ್ಲ. ಇಷ್ಟು ದಿನದಲ್ಲಿ ಒಮ್ಮೆಯೂ ಕೇಳದ ಸದ್ದು. ಬಂದೇಬಿಟ್ಟಿತು, ಎಂದುಕೊಂಡ. ವೇಗ ತಗ್ಗಿಸಿದ, ಸದ್ದು ತಗ್ಗಲಿಲ್ಲ. ವೇಗ ಏರಿಸಿದ, ಸದ್ದು ಏರಲೂ ಇಲ್ಲ. ಎಂಥ ರೋಗ ಇದು? ಗೇರ್ ಬದಲಿಸಿದರೂ ಲೆಕ್ಕಿಸದೆ ತನ್ನ ಪಾಡಿಗೆ ಬರುತ್ತಿದೆಯಲ್ಲ! ಪಕ್ಕದಲ್ಲಿ ಹೆಂಡತಿ ಅವನ ತೋಳು ಮುಟ್ಟಿದಳು. ಅವನು ಕೊಡವಿಕೊಂಡ.

"ಅಲ್ಲಾಡ್ಬೇಡ್ವೇ. ನಿಂಗೂ ಕೇಳಿಸ್ತಿದ್ಯಾ? ತಡಿ, ಒಂದ್ನಿಮಿಷ ಉಸಿರು ಬಿಗಿ ಹಿಡ್ಕೋ, ಸರಿಯಾಗಿ ಕೇಳಿಸ್ಕೋಬೇಕು."

ಅವಳು ಹಿಡಿದುಕೊಂಡಳು. ಗಂಡ ಹೇಳಿದ ಮಾತನ್ನು ಯಾವತ್ತೂ ತೆಗೆದುಹಾಕಿದವಳಲ್ಲ. ಕಣ್ಣು ಮುಚ್ಚಿ, ಸೆರಗು ಬಾಯಿಗೊತ್ತಿ ಹಿಡಿದುಕೊಂಡಳು.

ಸದ್ದು ನಿಂತಿತು.

"ಹೋಯ್ತು ನೋಡು!" ಎಂದು ಅವನು ನಕ್ಕ. ಹೋದ ಜೀವ ಬಂದಂತಾಯಿತು. ಆ ನಗು ಮುಗಿಯುವ ಮೊದಲೇ ಮತ್ತೆ ಬಂತು, ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಅವಸರವಾಗಿ.

ನಿಮಗೆ ಅರ್ಥವಾಯಿತಲ್ಲವೇ? ಮುಂದೆ ಕೂತ ತಾಯಂದಿರು ಆಗಲೇ ಬಾಯಿಗೆ ಕೈ ಇಟ್ಟುಕೊಂಡಿದ್ದಾರೆ. ಇಲ್ಲಿ ಕೂತ ನಿಮಗೆ ಅರ್ಥವಾಯಿತು. ಮಾರು ದೂರವೂ ಇಲ್ಲದ ಅವನಿಗೆ ಆಗಲಿಲ್ಲ. ಅವನು ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಇಂಜಿನ್ ಆಫ್ ಮಾಡದೆ ಇಳಿದು ಹೋಗಿ ಬಾನೆಟ್ ಎತ್ತಿದ. ಬಗ್ಗಿದ, ಕಿವಿಯಿಟ್ಟ, ಒಳಗೆ ಕೈಹಾಕಿ ಸುಟ್ಟುಕೊಂಡ. ಅಲ್ಲಿ ಹಳೆಯ ಸದ್ದುಗಳೇ. ನೆಲಕ್ಕೆ ಮೊಣಕಾಲೂರಿ ಅಡಿಯಲ್ಲಿ ನೋಡಿದ. ಎಣ್ಣೆ ಸೋರಿಲ್ಲ, ಹೊಗೆಯಿಲ್ಲ. ಗಾಜಿನ ಆಚೆ ಹೆಂಡತಿ ಕೈ ಎತ್ತಿ ಕರೆದಳು. ನೋಡಲಿಲ್ಲ. ಬಾನೆಟ್ ಮುಚ್ಚಿ, ಬಂದು ಕೂತು, ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದ.

ಗಾಡಿ ಸುಮ್ಮನಾಯಿತು. ಸದ್ದು ಸುಮ್ಮನಾಗಲಿಲ್ಲ.

ನಿಂತ ಗಾಡಿಯೊಳಗೆ ಸೊಂಯ್, ಸೊಂಯ್ ಎಂದು ಅದು ಹಾಗೆಯೇ ಬರುತ್ತಿತ್ತು. ಶ್ರೀಮಂತ ನಿಧಾನವಾಗಿ ತಲೆ ತಿರುಗಿಸಿದ. ತಿರುಗಿಸಲು ಅವನಿಗೆ ಹೆದರಿಕೆಯಾಯಿತು, ಆದರೂ ತಿರುಗಿಸಿದ. ಹೆಂಡತಿಯ ತುಟಿ ನೀಲಿಗಟ್ಟಿತ್ತು. ಕೊರಳಿನ ನರಗಳು ಉಬ್ಬಿ ನಿಂತಿದ್ದವು. ಒಂದೊಂದು ಉಸಿರಿಗೂ ಅವಳ ಭುಜ ಮೇಲಕ್ಕೆ ಹೋಗಿ ಬರುತ್ತಿತ್ತು.

"ಕಿಟಕಿ..." ಎಂದಳು. "ಕಿಟಕಿ ತೆಗೀರಿ..."

ಎರಡೂ ಕಿಟಕಿ ಇಳಿಸಿದ. ಆಮೇಲೆ ಆ ಗಾಡಿ ಓಡಿತು ನೋಡಿ! ಯಾವ ಗಾಡಿಯನ್ನು ಅವನು ಹೂವಿನ ಹಾಗೆ ನಡೆಸುತ್ತಿದ್ದನೋ, ಅದರ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದ. ಗುಂಡಿ ನೋಡಲಿಲ್ಲ, ಹಂಪ್ ನೋಡಲಿಲ್ಲ. ಅಡಿಯಲ್ಲಿ ಏನೋ ಬಡಿಯಿತು, ಏನೋ ಕಿತ್ತುಬಂದ ಹಾಗೆ ಕಿರುಚಿತು, ಇಡೀ ಗಾಡಿ ಅಬ್ಬರಿಸಿತು. ಅವನ ಕಿವಿಗೆ ಒಂದೂ ಬೀಳಲಿಲ್ಲ. ಆ ಅಬ್ಬರದ ನಡುವೆ ಅವನು ಒಂದೇ ಒಂದು ಸದ್ದನ್ನು ಹುಡುಕುತ್ತಿದ್ದ. ಇಷ್ಟು ದಿನ ಹೊಸ ಸದ್ದು ಬಂದರೇನು ಗತಿ ಎಂದು ಹೆದರುತ್ತಿದ್ದವನು ಈಗ ಆ ಸದ್ದು ನಿಂತುಹೋದರೇನು ಗತಿ ಎಂದು ನಡುಗುತ್ತಿದ್ದ. ಉಸಿರು ಎಳೆದಳೇ? ಎಳೆದಳು. ಬಿಟ್ಟಳೇ? ಬಿಟ್ಟಳು. ಮತ್ತೆ ಎಳೆದಳೇ? ಲಾರಿ ಹಾರ್ನ್ ಹೊಡೆದರೆ ಕೇಳಿಸುತ್ತಿರಲಿಲ್ಲ.

"ಮಾತಾಡೇ! ಏನಾದ್ರೂ ಮಾತಾಡೇ!" ಎಂದು ಕೂಗಿದ. ಅವಳಿಗೆ ಮಾತಾಡುವಷ್ಟು ಉಸಿರಿರಲಿಲ್ಲ.

ಆಸ್ಪತ್ರೆ ತಲುಪಿದರು. ಸ್ಟ್ರೆಚರ್ ಬಂತು, ಮೂಗಿಗೆ ಆಮ್ಲಜನಕ ಹಾಕಿದರು, ಒಳಗೆ ಕರೆದೊಯ್ದರು. ಇವನು ಹಿಂದೆಯೇ ಓಡಿದ. ಡಾಕ್ಟರಮ್ಮ ಬಾಗಿಲಲ್ಲೇ ತಡೆದು ಕೇಳಿದರು: "ಶ್ವಾಸಕೋಶದಲ್ಲಿ ನೀರು ತುಂಬಿದೆ. ಹೃದಯದ ತೊಂದರೆ ಇರೋ ಹಾಗಿದೆ. ಯಾವಾಗಿಂದ ಹೀಗಿದೆ ಇವರಿಗೆ?"

"ಈಗ... ದಾರೀಲಿ ಶುರುವಾಯ್ತು ಡಾಕ್ಟ್ರೇ."

"ಇದು ಒಂದು ದಿನದಲ್ಲಿ ಬರೋದಲ್ಲ. ಮೆಟ್ಟಿಲು ಹತ್ತೋವಾಗ ದಮ್ಮು ಬರ್ತಿತ್ತಾ?"

"ಗೊತ್ತಿಲ್ಲ."

"ಅಂಗಾತ ಮಲಗಿದ್ರೆ ಉಸಿರು ಕಟ್ತಿತ್ತಾ? ಕಾಲು ಊದ್ಕೊಂಡಿತ್ತಾ?"

"ಗೊತ್ತಿಲ್ಲ."

"ನಿಮಗೆ ಏನೂ ಹೇಳ್ಲೇ ಇಲ್ವಾ ಅವರು?"

ಈ ಪ್ರಶ್ನೆಗೆ ಮಾತ್ರ ಅವನಿಗೆ ಉತ್ತರ ಗೊತ್ತಿತ್ತು. ಆ ಗಾಡಿಯ ಬಗ್ಗೆ ಯಾರು ಏನು ಕೇಳಿದ್ದರೂ ಥಟ್ಟನೆ ಹೇಳುತ್ತಿದ್ದವನು ಅವನು. ಕೈಹಿಡಿದವಳ ಬಗ್ಗೆ ಡಾಕ್ಟರಮ್ಮ ಕೇಳಿದರೆ ಗೊತ್ತಿಲ್ಲ, ಗೊತ್ತಿಲ್ಲ. ಬಾಗಿಲು ಮುಚ್ಚಿತು. ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನು ಆಚೆ ಬೆಂಚಿನ ಮೇಲೆ ಕೂತ. ಬಾಗಿಲಿನ ಒಳಗಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಅಂಥ ಮೌನವನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಉಳಿದಳೇ ಎಂದು ಕೇಳುತ್ತಿದ್ದೀರಿ. ಉಳಿದಳು. ಔಷಧಿ, ಪಥ್ಯ, ವಿಶ್ರಾಂತಿ ಎಲ್ಲ ಆಗಿ ಮನೆಗೆ ಬಂದಳು. ಗಾಡಿ ಏನಾಯಿತು ಎಂದು ಕೇಳುವವರೂ ಇದ್ದೀರಿ, ಹಿಂದೆ ಕೂತ ಹುಡುಗರು. ಗಾಡಿಗೆ ಏನೂ ಆಗಲಿಲ್ಲ. ಅಷ್ಟು ಪೆಟ್ಟು ತಿಂದರೂ ಇಂಜಿನ್ ಗಟ್ಟಿಯಾಗಿಯೇ ಇತ್ತು. ಅವನು ಹೆದರಿದ್ದೆಲ್ಲ ಯಾವುದಕ್ಕೂ ಬೇಕಾಗದ ಹೆದರಿಕೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೂ ಮಂಗಳಾರತಿ ಮಾಡಿ ಎದ್ದುಬಿಡುತ್ತಿದ್ದೆ. ಮುಗಿಯಲಿಲ್ಲ. ಮನೆಗೆ ಬಂದ ಮೇಲೆ ಒಂದು ಸಂಜೆ ಅವನು ಹೆಂಡತಿಯ ಮಂಚದ ಪಕ್ಕ ಕೂತು, ಅವಳ ಕೈ ಹಿಡಿದುಕೊಂಡು ಕೇಳಿದ: "ಏನೋ ಹೇಳ್ಬೇಕು ಅಂತಿದ್ಯಲ್ಲ. ಈಗ ಹೇಳು. ಕೇಳಿಸ್ಕೋತೀನಿ."

ಅವಳು ಅವನನ್ನು ನೋಡಿದಳು. ಕೋಪವಿರಲಿಲ್ಲ, ಬೇಸರವೂ ಇರಲಿಲ್ಲ.

"ಏನಿಲ್ಲ ಬಿಡಿ" ಎಂದಳು.

ಅವನಿಗೆ ಹೆದ್ದಾರಿಯಲ್ಲಿ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ಅವಳು ಮುನಿಸಿಕೊಂಡು ಹಾಗೆ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳಿಗೆ ಹೇಳುವ ಅಭ್ಯಾಸವೇ ತಪ್ಪಿಹೋಗಿತ್ತು.

ಈಗ ನಿಮ್ಮ ಕಡೆಗೆ ಬರುತ್ತೇನೆ. ನಮ್ಮ ಮನೇಲಿ ಸ್ಪೋರ್ಟ್ಸ್ ಕಾರು ಎಲ್ಲಿದೆ ಸ್ವಾಮೀಜಿ ಎಂದು ನಗಬೇಡಿ. ಇದೆ. ಒಬ್ಬನಿಗೆ ಅಂಗಡಿ, ಒಬ್ಬನಿಗೆ ಸೈಟು, ಒಬ್ಬನಿಗೆ ಮಗನ ಮಾರ್ಕ್ಸು. ಒಬ್ಬನಿಗೆ ಅಂಗೈಯಲ್ಲಿರುವ ಫೋನು; ಅದು ಗುಂಯ್ ಎಂದರೆ ಎದುರಿಗಿದ್ದವರ ಮಾತು ಅರ್ಧಕ್ಕೇ ನಿಲ್ಲುತ್ತದೆ. ನೀವು ಯಾವುದರ ಸದ್ದನ್ನು ಕಾಯುತ್ತ ಕೂತಿದ್ದೀರಿ? ಯಾರಿಗೆ ಶ್ ಎನ್ನುತ್ತಿದ್ದೀರಿ? ನಿಮ್ಮ ಮನೆಯಲ್ಲಿ "ಏನಿಲ್ಲ ಬಿಡಿ" ಶುರುವಾಗಿದೆಯೇ? ಆಗಿದ್ದರೆ ಹೆದರಿ. ಭಯ ಪಡಬೇಡಿ ಎಂದು ಎಲ್ಲ ಸ್ವಾಮಿಗಳೂ ಹೇಳುತ್ತಾರೆ. ನಾನು ಹೇಳುತ್ತಿದ್ದೇನೆ, ಇದೊಂದಕ್ಕೆ ಭಯಪಡಿ. ಹೆಂಡತಿಯ ಬಾಯಿಂದ ಬರಲಿ, ಗಂಡನ ಬಾಯಿಂದ ಬರಲಿ, ಕಾಲೇಜಿಗೆ ಹೋಗುವ ಮಗಳ ಬಾಯಿಂದ ಬರಲಿ, ಆ ಮಾತು ಕೇಳಿದರೆ ಅಲ್ಲೇ ನಿಂತುಬಿಡಿ.

ಇವತ್ತು ಮನೆಗೆ ಹೋಗಿ ಏನು ಮಾಡಬೇಕು? ಊಟ ಮಾಡಿ. ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ಆಮೇಲೆ ನಿಮ್ಮವರ ಪಕ್ಕ ಹೋಗಿ ಕೂತು, ಹೇಗಿದ್ದೀಯ ಎಂದು ಕೇಳಿ. ಏನಿಲ್ಲ ಬಿಡಿ ಎನ್ನುತ್ತಾರೆ, ಖಂಡಿತ ಎನ್ನುತ್ತಾರೆ. ಸರಿ, ನಾನು ಕೇಳಿದ್ದಾಯಿತು, ಸ್ವಾಮೀಜಿ ಹೇಳಿದ್ದು ಮಾಡಿದೆ ಎಂದು ನೀವು ಏಳಲು ಹೊರಡುತ್ತೀರಿ. ಏಳಬೇಡಿ. ಅವರು ನಿಮ್ಮ ಮುಖ ನೋಡುತ್ತಾರೆ, ಇದೇನು ಇವರಿಗೆ ಇವತ್ತು ಎಂದು. ಆಗಲೂ ಏಳಬೇಡಿ. ಸುಮ್ಮನೆ ಕೂತಿರಿ. ಎಷ್ಟು ಹೊತ್ತಾದರೂ ಸರಿ, ಅವರು ಬಾಯಿ ಬಿಡುವವರೆಗೆ ಅಲ್ಲೇ ಕೂತಿರಿ.