ರಾಮಚಂದ್ರಪ್ಪ ಮೇಷ್ಟ್ರ ತೋಡಿ

"ಹಲೋ... ಯಾರು ಮಾತಾಡ್ತಿರೋದು? ... ಯಾವ ಮುನೀಂದ್ರ? ... ಹಾಂ? ರಾಮಚಂದ್ರಪ್ಪ ಮೇಷ್ಟ್ರ ಶಿಷ್ಯನಾ? ನೀನಾ?"

ಹಾಲಿನ ಕ್ಯಾನು ತೊಳೆಯುತ್ತಿದ್ದ ಅಂಬಿಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಟ್ಟೆಯ ಮೇಲೆ ಕೂತಳು. ಈ ತಿಂಗಳಲ್ಲಿ ಇವನು ಐದನೆಯವನು. ತೀರಿಹೋದ ಮೇಷ್ಟ್ರು ಹುಟ್ಟಿದ ನೂರನೇ ವರ್ಷಕ್ಕೆ ಬಂಗಾರಪೇಟೆಯಲ್ಲಿ ಸಂಗೀತ ಸಭೆ ಮಾಡಿ, ಶಿಷ್ಯರ ಹೆಸರನ್ನೆಲ್ಲ ಪುಸ್ತಕದಲ್ಲಿ ಹಾಕುತ್ತಾರೆಂಬ ಸುದ್ದಿ ಹಬ್ಬಿದ್ದೇ ತಡ, ಸರಿಗಮ ಗೊತ್ತಿಲ್ಲದವರೂ ಶಿಷ್ಯರಾಗಿಬಿಟ್ಟಿದ್ದರು. ಹೆಸರಿನ ಪಟ್ಟಿ ಮಾಡುವ ಕೆಲಸ ಅಂಬಿಕಳದು. ನಂದಿದುರ್ಗ ಎಂಬ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ, ಮೇಷ್ಟ್ರ ಒಂದೇ ಕೋಣೆಯ ಮನೆಯಲ್ಲಿ ಹನ್ನೊಂದು ವರ್ಷ ಪಾಠ ಹೇಳಿಸಿಕೊಂಡವಳು ಅವಳು. ಒಬ್ಬ ಸುಳ್ಳ ಒಳಗೆ ನುಸುಳಿದರೂ ಮೇಷ್ಟ್ರ ಹೆಸರಿಗೆ ಮಸಿ ಬಳಿದಂತೆ ಎಂದು ಅವಳಿಗೆ ಕಳವಳ.

"ಎಷ್ಟು ವರ್ಷ ಕಲ್ತೆ? ... ಮೂರಾ? ಎದುರಿಗೆ ಕೂತ್ಕೊಂಡೇನಾ? ... ಅಲ್ಲಪ್ಪಾ, ಕೇಳಿದ್ದಕ್ಕೆ ಬೇಜಾರ್ ಮಾಡ್ಕೋಬ್ಯಾಡ. ನಾನು ನಿನ್ನ ನೋಡೇ ಇಲ್ವಲ್ಲಾ."

"... ಹಂಗಾ. ನಾನು ಮದ್ವೆಯಾಗಿ ಕ್ಯಾಸಂಬಳ್ಳಿಗೆ ಬಂದ್ಮೇಲೆ ಸೇರ್ಕೊಂಡಾ?"

ಕಳ್ಳ, ಉತ್ತರ ಬಾಯಲ್ಲೇ ಇಟ್ಟುಕೊಂಡಿದ್ದಾನೆ ಅಂದುಕೊಂಡಳು.

"ಸರಿ, ಮೇಷ್ಟ್ರು ಗಣೀನಾಗೆ ಏನ್ ಕೆಲಸದಾಗಿದ್ರು, ಏಳು ನೋಡಾಣ. ... ಟೈಮ್ ಕೀಪರ್ರು. ಅದು ಗಣಿ ಲೈನಿನಾಗೆ ಯಾರನ್ ಕೇಳಿದ್ರೂ ಏಳ್ತಾರೆ. ತಪ್ಪು ಹಾಡಿದ್ರೆ ಏನ್ ಮಾಡೋರು? ... ಬೈಯೋರಾ! ಹನ್ನೊಂದು ವರ್ಷದಾಗೆ ಆ ಬಾಯಿಂದ ಒಂದು ಬೈಗುಳ ಕೇಳಿಲ್ಲ ನಾನು. ... ಓಹೋ, ವಯಸ್ಸಾದ್ಮೇಲೆ ಸಿಟ್ಟು ಬಂದಿತ್ತಾ? ಬಂದಿತ್ತೇನೋ ಬಿಡು."

"ಅವರೇ ಕಟ್ಟಿದ್ದ ತೋಡಿ ಕೃತಿ ಒಂದೈತಲ್ಲಾ, ಅದು ಬರ್ತದಾ? ... ಬರ್ತದಾ! ಹಾಡು ಹಂಗಾದ್ರೆ. ಪಲ್ಲವಿ ಬ್ಯಾಡ, ಚರಣ ಎತ್ಕೋ."

ಅವನು ಹಾಡಿದ. ಅಂಬಿಕ ದಂಗಾದಳು. ಗಾಂಧಾರದ ಮೇಲೆ ಕೊಂಚ ತೂಗಾಡಿ ಇಳಿಯುವ ಮೇಷ್ಟ್ರ ವರಸೆ, ಪದವನ್ನು ಮೆಲ್ಲಗೆ ಬಿಡುವ ರೀತಿ, ಎಲ್ಲ ಹಾಗೆಯೇ ಇತ್ತು. ಅನುಮಾನಪಟ್ಟಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಅಷ್ಟರಲ್ಲಿ ಅವನು ಮೊದಲ ಸಾಲಿನಿಂದ ನೇರ ಮೂರನೆಯದಕ್ಕೆ ಹೋಗಿ, ಎರಡನೆಯದನ್ನು ಆಮೇಲೆ ಹಾಡಿದ.

"ನಿಲ್ಸು, ನಿಲ್ಸು. ಮೂರನೇ ಸಾಲು ಯಾಕ್ ಮುಂಚೆ ಬಂತು? ... ಗುರುಗಳು ಹಂಗೇ ಏಳ್ಕೊಟ್ರಾ? ಎದುರಿಗೆ ಕೂರಿಸ್ಕೊಂಡು? ... ಲೇ, ಸುಳ್ಳ ಕಣ್ಲಾ ನೀನು!"

"ಕೇಳು. ಮೇಷ್ಟ್ರು ಆ ಸಾಲು ತಪ್ಪಿದ್ದು ಜೀವಮಾನದಾಗೆ ಒಂದೇ ಸಲ. ಟೇಪ್ ಮಾಡಿದ ದಿನ. ಮೊದಲ್ನೇ ಸಾಲು ಮುಗಿಯೋ ಹೊತ್ಗೆ ಶಿಫ್ಟ್ ಬಿಡೋ ಸಂಗು, ಅದೇ ಗಣಿ ಸೈರನ್ನು, ಕೂಗ್ತು, ಬೆಚ್ಚಿ ನಿಲ್ಲಿಸಿದ್ರು. ಆಮೇಲೆ ಎತ್ಕೊಂಡಾಗ ಸಾಲು ಅದಲುಬದಲಾಯ್ತು. ಸಾಲು ತಪ್ಪೋಯ್ತು ಮೇಷ್ಟ್ರೇ ಅಂತ ಎಲ್ರ ಮುಂದೆ ಏಳಿದ್ದು ಯಾರು ಗೊತ್ತಾ? ನಾನು. ಹನ್ನೆರಡು ವರ್ಷ ನಂಗೆ. ನಕ್ಕುಬಿಟ್ರು ಪಾಪ. ಆದ್ರೆ ಅವತ್ತಿಂದ ಯಾವ ಮಿಷನ್ ಮುಂದೂ ಬಾಯೇ ಬಿಡ್ಲಿಲ್ಲ."

"... ಯಾರ ಮಗ ನೀನು? ... ಸೊಣ್ಣಪ್ಪನ ಮಗನಾ? ಮೇಷ್ಟ್ರು ತೀರ್ಕೊಂಡ್ಮೇಲೆ ಮನೆ ಸಾಮಾನು ಗಾಡಿಗೆ ತುಂಬ್ಸಿದ ಸೊಣ್ಣಪ್ಪ?"

ಅಂಬಿಕ ಎದ್ದು ನಿಂತಳು. ಮೂವತ್ತು ವರ್ಷ ಆ ಕ್ಯಾಸೆಟ್ಟಿಗಾಗಿ ಅವಳು ಹುಡುಕದ ಮನೆಯಿಲ್ಲ. ಮೇಷ್ಟ್ರ ದನಿ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. ಒಮ್ಮೊಮ್ಮೆ ಆ ದನಿ ಹೇಗಿತ್ತೆಂಬುದೇ ಅವಳಿಗೆ ನೆನಪಾಗದೆ ಭಯವಾಗುತ್ತಿತ್ತು.

"ಟೇಪು ನಿನ್ ಹತ್ರ ಐತೆ ಅಲ್ವಾ? ... ಐತೆ ಅಲ್ವಾ? ... ಇಡಬ್ಯಾಡ! ಫೋನ್ ಇಡಬ್ಯಾಡ ಕಣಪ್ಪಾ, ನಿನ್ ಕಾಲಿಗೆ ಬೀಳ್ತೀನಿ. ಬೈಯಲ್ಲ. ಯಾರ್ಗೂ ಏಳಲ್ಲ. ನಿನ್ನ ಹೆಸ್ರು ಪಟ್ಟೀಲಿ ನಾನೇ ಬರೀತೀನಿ, ಆಯ್ತಾ? ಅವರ ದನಿ ಕೇಳ್ಕೊಂಡೇ ಕಲ್ತಿದೀಯಲ್ಲಾ, ಸಾಕು. ಒಂದ್ಸಲ ಹಾಕು. ಒಂದೇ ಸಲ. ... ಹೂಂ, ಫೋನ್ ಪಕ್ಕದಾಗೇ ಇಡು."

ಕರಕರ ಸದ್ದಿನ ಹಿಂದೆ ಶ್ರುತಿ ಬಂತು, ಆಮೇಲೆ ಮೇಷ್ಟ್ರು ಬಂದರು. ಅಂಬಿಕ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು, ಯಾರಾದರೂ ನೋಡಿಯಾರೆಂಬ ಪರಿವೆಯಿಲ್ಲದೆ ಅತ್ತಳು. ಸಂಗು ಕೂಗಿತು. ಸಾಲು ಅದಲುಬದಲಾಯಿತು. ಹಾಡು ಮುಗಿದ ಮೇಲೆ ಮೇಷ್ಟ್ರು, ಸರಿಯಿತ್ತೇನಮ್ಮಾ ಅಂಬಿಕ, ಎಂದು ಕೇಳಿದರು. ಟೇಪು ಅಷ್ಟಕ್ಕೇ ಮುಗಿದಿತ್ತು.

"ಸರಿಯಾಗಿತ್ತು ಮೇಷ್ಟ್ರೇ... ಎಲ್ಲಾ ಸರಿಯಾಗೇ ಇತ್ತು... ಇನ್ನೊಂದ್ಸಲ ಹಾಡಿ... ಹಲೋ? ... ಮುನೀಂದ್ರಾ? ... ಹಲೋ..."